ದನದ ಡಾಕ್ಟರರ ಕೀರ್ದಿಯೂ ರೈತನ ಫೀಯೂ

ದನದ ಡಾಕ್ಟರರು ಫೀ ಏರಿಸಿದರೆ ರೈತನು ಗೊಣಗುವನು. ಉದ್ರಿ ನಿಂತರೆ ಡಾಕ್ಟರರು ಗೊಣಗುವರು. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವುಂಟು. ಆದರೆ ಹಣವು ಎಲ್ಲಿ ಸೋರುತ್ತಿದೆಯೆಂಬುದನ್ನು ಲೆಕ್ಕದಿಂದ ಹುಡುಕದೆ ಎಲ್ಲರಿಗೂ ಒಂದೇ ಸಮನೆ ಫೀ ಏರಿಸುವುದು ನ್ಯಾಯವಲ್ಲವೆಂದು ನಮ್ಮ ಅಭಿಪ್ರಾಯ.

ಖಾಸಗಿ ಡಾಕ್ಟರರಲ್ಲಿ ಕೀರ್ದಿಯೇನೋ ಇರುತ್ತದೆ. ಅದು ತಾರೀಖಿನ ಪ್ರಕಾರ ಬರೆದದ್ದು. ಯಾವ ಊರಿನಿಂದ ಎಷ್ಟು ಬಂತು, ಯಾವ ಕೆಲಸಕ್ಕೆ ಎಷ್ಟು ಔಷಧ ಹೋಯಿತು ಎಂಬುದನ್ನು ಅದು ತಾನಾಗಿ ಹೇಳದು. ಹಿಂದೆ ಇದಕ್ಕಾಗಿ ಗುಮಾಸ್ತರು ದೀಪದ ಮುಂದೆ ಕುಳಿತು ಕೀರ್ದಿಯಿಂದ ಖಾತೆಗಳಿಗೆ ಖತಾವಣಿ ಮಾಡಬೇಕಾಗಿತ್ತು. ಗಣಕಯಂತ್ರದ ಎಕ್ಸೆಲ್‌ನಲ್ಲಿ 1993ರಿಂದ ಇರುವ 'ಪಿವಟ್ ಟೇಬಲ್' ಎಂಬುದು ಇದೇ ಖತಾವಣಿಯನ್ನು ಕ್ಷಣದಲ್ಲಿ ಮಾಡಿಕೊಡುತ್ತದೆ. ಬಿಟ್ಟಿಯಾಗಿ ದೊರೆಯುವ ಲಿಬ್ರೆ ಆಫೀಸಿನಲ್ಲಿಯೂ ಈ ಸೌಕರ್ಯವುಂಟು. ಒಂದೇ ಲೆಕ್ಕವನ್ನು ಊರಿನ ಪ್ರಕಾರ, ಕೆಲಸದ ಪ್ರಕಾರ, ತಿಂಗಳ ಪ್ರಕಾರ ಮಗ್ಗುಲು ತಿರುಗಿಸಿ ನೋಡಬಹುದು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಬ್ಬ ಡಾಕ್ಟರರ ಒಂದು ತಿಂಗಳ ಬಿಲ್ಲು 25,000 ರೂಪಾಯಿ. ಔಷಧಕ್ಕೆ 10,000, ಪೆಟ್ರೋಲಿಗೆ 3,200 ಖರ್ಚು. ಉಳಿಕೆ 11,800, ಕಾಗದದ ಮೇಲೆ ಎಲ್ಲವೂ ಸರಿ. ಇದನ್ನೇ ಊರಿನ ಪ್ರಕಾರ ತಿರುಗಿಸಿ. ಹತ್ತಿರದ ಊರಿನ ಬಿಲ್ಲು 16,000, ಖರ್ಚು 6,800, ಉದ್ರಿ 2,000. ಕೈಗೆ ಬಂದದ್ದು 7,200. ದೂರದ ಊರಿನ ಬಿಲ್ಲು 9,000, ಖರ್ಚು 6,400, ಉದ್ರಿ 4,000. ಡಾಕ್ಟರರ ಕೈಯಿಂದಲೇ 1,400 ಹೋಯಿತು! ಆ ಖರ್ಚಿನಲ್ಲಿ ಪೆಟ್ರೋಲೊಂದೇ 2,400.

ಈಗ ಎಲ್ಲರಿಗೂ ಫೀ ಏರಿಸಿದರೆ ರೋಖ ಕೊಡುವವನು ಉದ್ರಿಯವನ ಭಾರವನ್ನೂ ಹೊರಬೇಕಾಗುವುದು. 'ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ' ಎಂಬ ಗಾದೆ ಇಲ್ಲಿ ರೈತನ ಮೇಲೆಯೇ ಬರುವುದು. ರೋಗ ಎರಡಿದ್ದರೆ ಮದ್ದೂ ಎರಡು. ದೂರದ ಊರಿಗೆ ವಾರದಲ್ಲಿ ದಿನ ಗೊತ್ತುಮಾಡಿ, ಗರ್ಭ ಪರೀಕ್ಷೆ, ಜಂತಿನ ಔಷಧ ಮುಂತಾದ ಅವಸರವಿಲ್ಲದ ಕೆಲಸಗಳನ್ನು ಒಟ್ಟಿಗೆ ಮುಗಿಸಿದರೆ ಪೆಟ್ರೋಲು ಉಳಿಯುವುದು. ಉದ್ರಿಯನ್ನು ರೈತನ ಒಪ್ಪಿಗೆಯಿಂದ ಹಾಲಿನ ಬಿಲ್ಲಿನಲ್ಲಿ ಕಂತುಕಂತಾಗಿ ತೀರಿಸಬಹುದು.

ಗಡಿಭಾಗದ ನಮಗೆ ಒಂದು ಎಚ್ಚರಿಕೆ ಮುಖ್ಯ. ಒಮ್ಮೆ 'ಅಕ್ಕಲಕೋಟೆ' ಎಂದೂ ಮತ್ತೊಮ್ಮೆ 'ಅಕ್ಕಲಕೋಟ' ಎಂದೂ ಬರೆದರೆ ಯಂತ್ರವು ಅವನ್ನು ಎರಡು ಊರೆಂದೇ ಎಣಿಸುವುದು. ಒಂದು ಸಾಲು ಕನ್ನಡದಲ್ಲಿ, ಇನ್ನೊಂದು ಮರಾಠಿಯಲ್ಲಿ ಬರೆದರೂ ಅದೇ ಗತಿ. ಯಾವುದಾದರೊಂದು ರೂಪವನ್ನು ಹಿಡಿದು ನಡೆಯಬೇಕು. ಪ್ರತಿ ಭೆಟ್ಟಿಗೂ ಒಂದು ಸಾಲು. ತಾರೀಖು, ಊರು, ಕೆಲಸ, ಬಿಲ್ಲು, ಔಷಧ, ಪೆಟ್ರೋಲು, ಬಂದ ಹಣ ಎಂದು ಬೇರೆಬೇರೆ ಕಾಲಮು. ಹೊಸ ಸಾಲು ಬರೆದ ಮೇಲೆ ಟೇಬಲನ್ನು 'ರಿಫ್ರೆಶ್' ಮಾಡದಿದ್ದರೆ ಅದು ಹಳೆಯ ಲೆಕ್ಕವನ್ನೇ ತೋರಿಸುತ್ತಿರುವುದು.

ಆದರೂ ಅಂಕಿಗಳೇ ಯಜಮಾನರಾಗಬಾರದು. ನಡುರಾತ್ರಿ ಕರು ಅಡ್ಡ ಸಿಕ್ಕಿಕೊಂಡು ಎಮ್ಮೆ ಒದ್ದಾಡುವಾಗ ಓಡಿಬರುವ ಭೆಟ್ಟಿಯು ಟೇಬಲಿನಲ್ಲಿ ನಷ್ಟವೆಂದೇ ಕಾಣಬಹುದು. ರೈತನಿಗೋ ಅದರಿಂದ ಮನೆ ಉಳಿಯುವುದು. ನಷ್ಟ ಕಂಡಿತೆಂದು ಡಾಕ್ಟರರು ಊರನ್ನು ಬಿಡಬಾರದು. ನಷ್ಟದ ಕಾರಣವನ್ನು ಊರವರ ಮುಂದೆ ಇಡಬೇಕು. ಆದರೆ ಉದ್ರಿ ಉಳಿಸಿಕೊಂಡವರ ಹೆಸರು ಬೀದಿಗೆ ಬರಬಾರದು, ಊರಿನ ಮೊತ್ತ ಸಾಕು.

ರೈತ ಬಾಂಧವರೇ, ಮುಂದಿನ ಸಲ ಫೀ ಏರಿತೆಂದಾಗ ಜಗಳಕ್ಕೆ ನಿಲ್ಲಬೇಡಿರಿ. "ನಮ್ಮೂರ ಲೆಕ್ಕ ತೋರಿಸಿರಿ, ಸಾಹೇಬರೇ" ಎಂದು ಮರ್ಯಾದೆಯಿಂದ ಕೇಳಿರಿ. ತೋರಿಸಿದಾಗ ನಿಮ್ಮ ಉದ್ರಿಯನ್ನು ಮೊದಲು ತೀರಿಸಿರಿ.