ಕೈಗುಣ ಆಗಿಬರದಿದ್ದರೆ

ಡಾಕ್ಟರ ಕೈಗುಣದ ಮೇಲೆ ನಮ್ಮೂರಿನಲ್ಲಿ ಎಲ್ಲರಿಗೂ ನಂಬಿಕೆ. ಕನ್ನಡದವರು ಕೈಗುಣ ಎನ್ನುತ್ತಾರೆ, ನಮ್ಮ ನಾನಿ ‘ಉನ್ ಕೆ ಹಾತ್ ಮೇ ಶಿಫಾ ಹೈ’ ಎನ್ನುತ್ತಾರೆ. ಒಬ್ಬರ ಔಷಧಿಗೆ ಜ್ವರ ಇಳಿಯದಿದ್ದರೆ ಮೂರನೇ ದಿನ ಇನ್ನೊಬ್ಬರ ಕ್ಲಿನಿಕ್ಕಿನಲ್ಲಿ ಟೋಕನ್ ಹಿಡಿದು ಕುಳಿತಿರುತ್ತೇವೆ. ವೈದ್ಯವೇ ಸುಳ್ಳು ಎಂದು ಯಾರೂ ಹೇಳುವುದಿಲ್ಲ. ಮನಸ್ಸಿನ ವಿಷಯಕ್ಕೆ ಬಂದಾಗ ಮಾತ್ರ ಲೆಕ್ಕ ಬೇರೆ. ಒಬ್ಬ ಕೌನ್ಸೆಲರ್ ಬಳಿ ಒಂದೇ ಸಲ ಹೋಗಿ, ‘ನನಗೆ ಇದೆಲ್ಲ ಆಗಿಬರುವುದಿಲ್ಲ’ ಎಂದು ಪೂರ್ತಿ ಕೈಬಿಟ್ಟವರು ನಮ್ಮ ನಡುವೆ ಇದ್ದಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಫಸ್ಟ್ ಪಿಯು ಪರೀಕ್ಷೆಗೆ ಮುಂಚೆ ನನಗೆ ನಡುರಾತ್ರಿ ಎದೆ ಬಡಿದುಕೊಂಡು ಎಚ್ಚರವಾಗುತ್ತಿತ್ತು. ಕೈ ತಣ್ಣಗಾಗುತ್ತಿತ್ತು, ಉಸಿರು ಸಾಲುತ್ತಿರಲಿಲ್ಲ. ಇಸಿಜಿ ತೆಗೆಸಿದರು, ಸರಿಯಾಗಿಯೇ ಇತ್ತು. ನಾನಿ ದಮ್ ಮಾಡಿಸಿದ ನೀರು ಕುಡಿಸಿದರು. ಈಗಲೂ ಕುಡಿಯುತ್ತೇನೆ, ಅದಕ್ಕೂ ಕೌನ್ಸೆಲಿಂಗ್‌ಗೂ ಜಗಳವಿಲ್ಲ. (ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಅಬೂ ಝೈದ್ ಅಲ್ ಬಲ್ಖಿ ಎಂಬ ವಿದ್ವಾಂಸರು ದೇಹದ ಆರೋಗ್ಯ, ಮನಸ್ಸಿನ ಆರೋಗ್ಯ ಎರಡನ್ನೂ ಸೇರಿಸಿ ಒಂದೇ ಪುಸ್ತಕ ಬರೆದಿದ್ದರು. ಇದನ್ನು ಮನೆಯಲ್ಲಿ ಹೇಳಿ ನೋಡಿ, ಕೆಲಸಕ್ಕೆ ಬರುತ್ತದೆ.)

ಅಮ್ಮಿ ಬಹಳ ವಿಚಾರಿಸಿ, ನಮ್ಮವರೇ ಆದ ಒಬ್ಬ ಮೇಡಂ ಬಳಿ ಕರೆದುಕೊಂಡು ಹೋದರು. ಉರ್ದು ಬರುತ್ತದೆ, ನಮಾಝ್ ರೋಝಾ ಗೊತ್ತು, ಹೆಂಗಸು, ಇನ್ನೇನು ಬೇಕು ಎಂಬುದು ಅಮ್ಮಿಯ ಲೆಕ್ಕ. ಮೇಡಂ ಒಳ್ಳೆಯವರೇ. ಆದರೆ ನಾನು ಒಂದು ಮಾತು ಹೇಳಿದರೆ ಉಳಿದ ನಾಲ್ಕು ಮಾತು ಅವರೇ ಹೇಳಿ ಮುಗಿಸುತ್ತಿದ್ದರು. ನಮ್ಮ ಮನೆಗಳು ಹೇಗಿರುತ್ತವೆ ಎಂದು ನನಗೆ ಗೊತ್ತಿಲ್ಲವೇ, ಈ ವಯಸ್ಸಿಗೆ ಹೆಣ್ಣುಮಕ್ಕಳಿಗೆ ಮದುವೆಯ ಯೋಚನೆ ಇದ್ದದ್ದೇ, ಸಬ್ರ್ ಮಾಡು. ನನಗಿದ್ದ ಯೋಚನೆ ಅಬ್ಬಾ ಅಂಗಡಿಗೆ ಮಾಡಿದ ಸಾಲದ್ದು. ಅದನ್ನು ಹೇಳಲು ಮೂರು ಸಲ ಹೋದರೂ ಸಂದು ಸಿಗಲಿಲ್ಲ.

ಆಮೇಲೆ ಹೋದ ಮೇಡಂಗೆ ಉರ್ದುವಿನ ಒಂದಕ್ಷರವೂ ಬರುವುದಿಲ್ಲ. ನನಗೆ ಆಗುತ್ತಿದ್ದದ್ದಕ್ಕೆ ನಮ್ಮ ಮನೆಮಾತಿನಲ್ಲಿ ‘ಜೀ ಕೈಸಾಕಿ ಹೋರಾ’ ಎನ್ನುತ್ತೇವೆ. ಅದನ್ನು ಕನ್ನಡದಲ್ಲಿ ಹೇಳಲು ಎಷ್ಟೋ ಒದ್ದಾಡಿದೆ. ಬೇಜಾರು ಎಂದರೆ ಕಡಿಮೆಯಾಗುತ್ತದೆ, ಭಯ ಎಂದರೆ ಹೆಚ್ಚಾಗುತ್ತದೆ. ‘ನಿಮ್ಮ ಮಾತಿನಲ್ಲೇ ಹೇಳಮ್ಮ’ ಎಂದು ಅದನ್ನು ಕನ್ನಡ ಅಕ್ಷರದಲ್ಲಿ ಹಾಗೆಯೇ ಬರೆದುಕೊಂಡರು. ‘ಇದು ಮೈಯಲ್ಲಿ ಎಲ್ಲಿ ಶುರುವಾಗುತ್ತದೆ?’ ಎಂದು ಕೇಳಿದರು. ಆ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಅಂಗಡಿಯ ವಿಷಯ ಆ ದಿನವೇ ಹೊರಗೆ ಬಂತು.

ಇದನ್ನು ಓದಿ ನಮ್ಮವರ ಬಳಿ ಹೋಗಬಾರದು ಎಂದುಕೊಳ್ಳಬೇಡಿ. ನನ್ನ ಗೆಳತಿಯದು ಪೂರ್ತಿ ಉಲ್ಟಾ. ತಮ್ಮ ತೀರಿಕೊಂಡ ದುಃಖ ಹೇಳಲು ಹೋದವಳಿಗೆ ಅಲ್ಲಿದ್ದವರು ಮೊದಲ ಹತ್ತು ನಿಮಿಷ ಹಿಜಾಬ್ ಬಗ್ಗೆ ಪ್ರಶ್ನೆ ಕೇಳಿದರು. ನಲವತ್ತನೇ ದಿನದ ಫಾತಿಹಾ ಎಂದರೆ ಏನೆಂದು ವಿವರಿಸದೆ ಅಳಬಹುದಾದ ಒಬ್ಬರು ಅವಳಿಗೆ ಬೇಕಿತ್ತು, ಸಿಕ್ಕಿದರು. ಹಾಗಾಗಿ ನಾನು ಜಾತಿ ಧರ್ಮ ನೋಡುವುದಿಲ್ಲ, ಇವರು ಕೇಳುತ್ತಾರೋ, ಮೊದಲೇ ಗೊತ್ತಿದೆ ಎಂದುಕೊಂಡಿದ್ದಾರೋ ಎಂದು ನೋಡುತ್ತೇನೆ. ಮೊದಲ ಭೇಟಿ ಬರೀ ವಿವರ ಕೇಳುವುದರಲ್ಲೇ ಮುಗಿಯುತ್ತದೆ, ಅದಕ್ಕೇ ಬೇಸರಪಟ್ಟು ಬಿಡಬೇಡಿ. ಎರಡು ಮೂರು ಸಲ ನೋಡಿ. ಗೇಲಿ ಮಾಡಿದರೆ, ಬೈದರೆ ಮಾತ್ರ ಎರಡನೇ ಸಲ ಹೋಗುವ ಅಗತ್ಯವಿಲ್ಲ.

ಏನು ಓದಿದ್ದೀರಿ ಎಂದು ಅವರನ್ನು ಕೇಳುವುದು ಅಹಂಕಾರವಲ್ಲ. ಬಿಸಿನೆಸ್ ಸ್ಟಡೀಸ್‌ನ ಗ್ರಾಹಕ ಸಂರಕ್ಷಣೆ ಪಾಠದಲ್ಲಿ ಮಾಹಿತಿಯ ಹಕ್ಕು, ಆಯ್ಕೆಯ ಹಕ್ಕು ಎಂದು ಅಂಕಕ್ಕಾಗಿ ಬಾಯಿಪಾಠ ಮಾಡುತ್ತೇವಲ್ಲ, ಅದೇ ಇದು. ಸೈಕಿಯಾಟ್ರಿಸ್ಟ್ ಎಂದರೆ ಎಂಬಿಬಿಎಸ್ ನಂತರ ಮನೋರೋಗ ಓದಿದ ವೈದ್ಯರು, ಮಾತ್ರೆ ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್‌ಗೆ ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದ ನೋಂದಣಿ ಇರಬೇಕು. ಬರೀ ‘ಕೌನ್ಸೆಲರ್’ ಎಂಬ ಬೋರ್ಡ್ ನೋಡಿ ಏನೂ ತಿಳಿಯುವುದಿಲ್ಲ.

ಇನ್ನೊಂದು ಪ್ರಶ್ನೆ ನಮ್ಮ ವಯಸ್ಸಿನವರು ಮೊದಲ ದಿನವೇ ಕೇಳಬೇಕು: ನಾನು ಹೇಳಿದ್ದರಲ್ಲಿ ಏನನ್ನು ಮನೆಯವರಿಗೆ ಹೇಳುತ್ತೀರಿ? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಗೌಪ್ಯತೆ ಒಂದು ಹಕ್ಕು. ಆದರೆ 18 ತುಂಬದವರಿಗೆ ಪಾಲಕರೇ ಪ್ರತಿನಿಧಿ. ಜೀವಕ್ಕೆ ಅಪಾಯವಿದ್ದರೆ ಯಾರೂ ಮುಚ್ಚಿಡುವುದಿಲ್ಲ, ಮುಚ್ಚಿಡಲೂಬಾರದು. ಉಳಿದದ್ದನ್ನು ಒಳ್ಳೆಯವರು ನಮ್ಮೊಡನೆ ಮಾತಾಡಿ ತೀರ್ಮಾನಿಸುತ್ತಾರೆ.

ಫೀಸು ದೊಡ್ಡ ತೊಂದರೆ, ನಿಜ. ಒಬ್ಬರಿಗೆ ಕೊಡುವುದೇ ಕಷ್ಟವಿರುವಾಗ ಇನ್ನೊಬ್ಬರನ್ನು ಹುಡುಕು ಎನ್ನುವುದು ಸುಲಭವಲ್ಲ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗವಿದೆ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಟೆಲಿ ಮಾನಸ್ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಮುಂದಿನ ತಿಂಗಳಿನಿಂದ ನಮ್ಮ ಕಾಲೇಜಿಗೇ ವಾರಕ್ಕೊಮ್ಮೆ ಕೌನ್ಸೆಲರ್ ಬರುತ್ತಾರಂತೆ. ಪ್ರಿನ್ಸಿಪಾಲ್ ಸರ್‌ಗೆ, ಮ್ಯಾನೇಜ್‌ಮೆಂಟಿಗೆ ಶುಕ್ರಿಯಾ. ನನ್ನದೊಂದು ಕೋರಿಕೆ: ಒಬ್ಬರ ಬದಲು ಇಬ್ಬರನ್ನು ಕರೆಸಿ, ಒಂದು ವಾರ ಒಬ್ಬರು, ಮತ್ತೊಂದು ವಾರ ಇನ್ನೊಬ್ಬರು. ಖರ್ಚು ಅಷ್ಟೇ ಆಗುತ್ತದೆ. ಒಬ್ಬರು ಹಿಡಿಸದಿದ್ದರೆ ಕಾರಣ ಕೇಳದೆ ಇನ್ನೊಬ್ಬರ ಬಳಿ ಹೋಗಲು ಬಿಡಿ. ಹೆಸರನ್ನು ಕ್ಲಾಸ್ ಟೀಚರ್ ಬಳಿ ಬರೆಸಬೇಕು ಎಂಬ ನಿಯಮ ಬೇಡ. ಕೋಣೆ ಸ್ಟಾಫ್ ರೂಮಿನ ಪಕ್ಕದ್ದು ಎಂದು ಕೇಳಿದೆ. ಲೈಬ್ರರಿಯ ಹಿಂದಿನ ಕೋಣೆ ಖಾಲಿಯಿದೆ, ಅದಕ್ಕೆ ಎರಡು ಬಾಗಿಲಿದೆ, ಯಾರು ಒಳಗೆ ಹೋದರು ಎಂಬುದು ಕಾರಿಡಾರಿನಲ್ಲಿ ನಿಂತವರಿಗೆ ಕಾಣುವುದಿಲ್ಲ.