ಜ್ಯಾಕಿನ ಹಿಂದೆ ಏನಿದೆ, ಕೇಳಿ

ರಾತ್ರಿ ಹತ್ತೂವರೆ. ಪಕ್ಕದ ಕೋಣೆಯಲ್ಲಿ ಮಗಳು ಮಲಗಿದ್ದಳು. ಮೇಜಿನ ಮೇಲಿನ ಸ್ಪೀಕರ್ ಆರಿಸಿ, ಹೊಸ ಆಂಪ್ಲಿಫೈಯರ್‌ನ ಮುಂಭಾಗದ ಜ್ಯಾಕಿಗೆ ಸೆನ್‌ಹೈಸರ್ ಎಚ್‌ಡಿ 600 ಸಿಕ್ಕಿಸಿ, ಮಲ್ಲಿಕಾರ್ಜುನ ಮನ್ಸೂರರ ಹಳೆಯ ಧ್ವನಿಮುದ್ರಣವೊಂದನ್ನು ಹಾಕಿದೆ. ಐದೇ ನಿಮಿಷದಲ್ಲಿ ಏನೋ ಸರಿಯಿಲ್ಲ ಅನ್ನಿಸಿತು. ಡಗ್ಗಾ ಉಬ್ಬಿಕೊಂಡು ಮುಂದೆ ಬಂದು ಕೂತಿತ್ತು, ತಂಬೂರಿ ಅದರ ಹಿಂದೆ ಮಸುಕಾಗಿತ್ತು. ಇದೇ ಹೆಡ್‌ಫೋನ್, ಇದೇ ಫೈಲು, ಗೆಳೆಯನ ಮನೆಯಲ್ಲಿ ಕೇಳಿದ್ದೆ. ಅಲ್ಲಿ ಡಗ್ಗಾ ತನ್ನ ಜಾಗದಲ್ಲೇ ಇತ್ತು.

ಕೊಳ್ಳುವಾಗ ಅಂಗಡಿಯಲ್ಲಿ ವಿಚಾರಿಸಿದ್ದೆ: "ಸ್ಪೀಕರೂ ಹೆಡ್‌ಫೋನೂ ಎರಡೂ ಇದರಲ್ಲೇ ಓಡತ್ತಾ?" "ಓಡತ್ತೆ ಸಾರ್, ಐವತ್ತು ವಾಟ್ ಇದೆ. ಹೆಡ್‌ಫೋನ್ ಯಾವ ಲೆಕ್ಕ?" ಎಂದಿದ್ದರು. ಈ ಮಾತು ಎಷ್ಟು ಜನರನ್ನು ದಾರಿ ತಪ್ಪಿಸುತ್ತಿದೆಯೋ. ಅದಕ್ಕೇ ಈ ವಾರ ಇದನ್ನು ಬರೆಯುತ್ತಿದ್ದೇನೆ.

ಸ್ಪೀಕರಿಗೆಂದು ಮಾಡಿದ ಎಷ್ಟೋ ಆಂಪ್ಲಿಫೈಯರ್‌ಗಳಲ್ಲಿ ಹೆಡ್‌ಫೋನಿಗೆ ಬೇರೆ ಸರ್ಕ್ಯೂಟೇ ಇರುವುದಿಲ್ಲ. ಸ್ಪೀಕರಿಗೆ ಹೋಗುವ ದಾರಿಯಿಂದಲೇ ಒಂದು ಕವಲು ತೆಗೆದು, ನಡುವೆ ರೆಸಿಸ್ಟರ್ ಇಟ್ಟು ಜ್ಯಾಕಿಗೆ ಕೊಟ್ಟಿರುತ್ತಾರೆ. ಖರ್ಚು ಕೆಲವೇ ರೂಪಾಯಿ. ರೆಸಿಸ್ಟರ್ ಇಲ್ಲದಿದ್ದರೆ ಸ್ಪೀಕರಿನ 20 ವೋಲ್ಟ್ ನೇರವಾಗಿ ಕಿವಿಗೇ ಬರುತ್ತದೆ, ಹಾಗಾಗಿ ಅದು ಕಾವಲೂ ಹೌದು. ಆದರೆ ಆ ಕಾವಲಿಗೆ ಬೆಲೆ ತೆರಬೇಕು.

ಎಚ್‌ಡಿ 600ರ ಮೇಲೆ 300 ಓಮ್ ಎಂದು ಬರೆದಿರುತ್ತದೆ. ಎಲ್ಲ ಸ್ವರಕ್ಕೂ ಅದು 300 ಅಲ್ಲ. 100 ಹರ್ಟ್ಜ್ ಆಸುಪಾಸಿನಲ್ಲಿ 500ರ ಹತ್ತಿರಕ್ಕೆ ಏರುತ್ತದೆ. ದಾರಿಯಲ್ಲಿ 330 ಓಮ್ ರೆಸಿಸ್ಟರ್ ಕೂತಿದೆ ಅನ್ನಿ. 300 ಓಮ್ ಇರುವ ಸ್ವರಕ್ಕೆ ವೋಲ್ಟೇಜಿನಲ್ಲಿ ಶೇ. 48 ತಲುಪುತ್ತದೆ, 500 ಇರುವ ಸ್ವರಕ್ಕೆ ಶೇ. 60. ಅಂದರೆ ಮಂದ್ರದ ಒಂದು ಪಟ್ಟಿ 2 ಡೆಸಿಬೆಲ್ ಮೇಲೆದ್ದು ನಿಲ್ಲುತ್ತದೆ. ಡಗ್ಗಾದ ಗುಂಕಾರ ಇರುವುದೂ ಆ ಆಸುಪಾಸಿನಲ್ಲೇ.

ಹೈಫೈಮನ್ ಎಚ್‌ಇ-6ರ ಕತೆ ಬೇರೆ. ಅದು ಪ್ಲೇನಾರ್ ಜಾತಿಯ ಹೆಡ್‌ಫೋನ್, 50 ಓಮ್, ಎಲ್ಲ ಸ್ವರಕ್ಕೂ ಬಹುಮಟ್ಟಿಗೆ ಅಷ್ಟೇ. ನಾದ ಕೆಡುವುದಿಲ್ಲ, ಆದರೆ ವೋಲ್ಟೇಜಿನ ಎಂಟರಲ್ಲಿ ಏಳು ಪಾಲು ಅದೇ ರೆಸಿಸ್ಟರಿನಲ್ಲಿ ಸೋರಿಹೋಗುತ್ತದೆ. ಒಂದು ಮಿಲಿವಾಟಿಗೆ ಅದು ಕೊಡುವುದು 83.5 ಡೆಸಿಬೆಲ್ ಮಾತ್ರ. ತಾರಕದ ಒಂದು ಕ್ಷಣ 110 ಡೆಸಿಬೆಲ್ ಮುಟ್ಟಬೇಕೆಂದರೆ ಸುಮಾರು 450 ಮಿಲಿವಾಟ್, ಅಂದರೆ 4.7 ವೋಲ್ಟು, 95 ಮಿಲಿಆಂಪ್ ಬೇಕು. ಅಷ್ಟೇ ವೋಲ್ಟೇಜಿಗೆ 300 ಓಮಿನ ಹೆಡ್‌ಫೋನ್ ಎಳೆಯುವ ಕರೆಂಟು ಇದರ ಆರನೇ ಒಂದು ಪಾಲು. "ಕಷ್ಟದ ಹೆಡ್‌ಫೋನ್" ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಒಂದಕ್ಕೆ ವೋಲ್ಟೇಜಿನ ಹಸಿವು, ಇನ್ನೊಂದಕ್ಕೆ ಕರೆಂಟಿನದು.

ನನ್ನ ಆಂಪ್ಲಿಫೈಯರ್ ಒಳಗೆ ಏನಿದೆ ಎಂದು ಕೈಪಿಡಿಯಲ್ಲಿ ಹುಡುಕಿದೆ, ಇರಲಿಲ್ಲ. ಶನಿವಾರ ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋಗಿ 33 ಓಮಿನ ಒಂದು ರೆಸಿಸ್ಟರ್ ತಂದೆ. ಕಂಪ್ಯೂಟರಿನಿಂದ 50 ಹರ್ಟ್ಜ್ ಸೈನ್ ಅಲೆ ನುಡಿಸಿ, ಮಲ್ಟಿಮೀಟರನ್ನು ಎಸಿ ವೋಲ್ಟಿಗಿಟ್ಟು, ಬರಿದಾದ ಜ್ಯಾಕಿನಲ್ಲಿ 500 ಮಿಲಿವೋಲ್ಟ್ ಬರುವ ಹಾಗೆ ನಾಬ್ ತಿರುಗಿಸಿದೆ. ರೆಸಿಸ್ಟರನ್ನು ಅಡ್ಡಲಾಗಿ ಹಿಡಿದೆ. ಮೀಟರು 45ಕ್ಕೆ ಇಳಿಯಿತು. 500ನ್ನು 45ರಿಂದ ಭಾಗಿಸಿ, ಒಂದು ಕಳೆದು, 33ರಿಂದ ಗುಣಿಸಿದರೆ 330ರ ಆಸುಪಾಸು. ಡಗ್ಗಾ ಯಾಕೆ ಉಬ್ಬಿತ್ತೆಂದು ಗೊತ್ತಾಯಿತು. ಹೆಡ್‌ಫೋನಿನ ಓಮಿನ ಎಂಟನೇ ಒಂದು ಪಾಲಿಗಿಂತ ಜ್ಯಾಕಿನ ಓಮ್ ಕಡಿಮೆ ಇರಬೇಕು ಎನ್ನುವುದು ಬಲ್ಲವರ ಲೆಕ್ಕ. 300 ಓಮಿಗೆ 37; 32 ಓಮಿನ ಹೆಡ್‌ಫೋನಿಗೆ ಬರೀ 4.

ಹಾಗಾದರೆ ಹೆಡ್‌ಫೋನನ್ನು ಸ್ಪೀಕರ್ ಟರ್ಮಿನಲ್ಲಿಗೇ ಜೋಡಿಸಿಬಿಡೋಣ ಎನ್ನುವವರಿದ್ದಾರೆ. ದಯವಿಟ್ಟು ತಡೆಯಿರಿ. ಆಸ್ಟ್ರಿಯಾದ ಎಕೆಜಿಯ ಕೆ1000 ಹಾಗೆ ಜೋಡಿಸಲೆಂದೇ ಬಂದದ್ದು ನಿಜ, ಆದರೆ ಅದಕ್ಕೆ ಎಡ-ಬಲಕ್ಕೆ ಪ್ರತ್ಯೇಕ ತಂತಿಗಳಿದ್ದವು. ಈಗ ಮೇಜಿಗೆಂದು ಬರುವ ಪುಟ್ಟ ಕ್ಲಾಸ್-ಡಿ ಪೆಟ್ಟಿಗೆಗಳಲ್ಲಿ, ಟಿಪಿಎ3116 ಚಿಪ್ಪಿನವುಗಳಲ್ಲಿ ಸಾಮಾನ್ಯವಾಗಿ, ಬ್ರಿಡ್ಜ್ ಜೋಡಣೆ ಇರುತ್ತದೆ. ಕಪ್ಪು ಟರ್ಮಿನಲ್ ಎಂದರೆ ಗ್ರೌಂಡ್ ಅಲ್ಲ, ಅಲ್ಲೂ ಸಿಗ್ನಲ್ ಓಡುತ್ತಿರುತ್ತದೆ. ಮಾಮೂಲಿ ಹೆಡ್‌ಫೋನ್ ಪ್ಲಗ್ಗಿನಲ್ಲಿ ಎರಡೂ ಕಿವಿಯ ವಾಪಸ್ ತಂತಿ ಒಂದೇ. ಸೇರಿಸಿದ ಕ್ಷಣ ಎರಡು ಚಾನೆಲ್ ಒಂದಕ್ಕೊಂದು ಶಾರ್ಟ್ ಆಗುತ್ತವೆ. ಆಂಪ್ಲಿಫೈಯರ್ ಸುಡಬಹುದು, ಹೆಡ್‌ಫೋನೂ ಹೋಗಬಹುದು.

ಇನ್ನು ಸ್ಪೀಕರಿನ ವಾಟಿನ ಮಾತು. ಪೆಟ್ಟಿಗೆಯ ಮೇಲೆ ಸಾವಿರಾರು ಪಿಎಂಪಿಒ ವಾಟ್ ನೋಡಿ ನೋಡಿ ನಮಗೆ ದೊಡ್ಡ ಅಂಕಿಯ ಹಂಬಲ ಹತ್ತಿದೆ. ಒಂದು ವಾಟಿಗೆ ಒಂದು ಮೀಟರ್ ದೂರದಲ್ಲಿ 86 ಡೆಸಿಬೆಲ್ ಕೊಡುವ ಪುಟ್ಟ ಸ್ಪೀಕರಿಗೆ 10 ವಾಟ್ ಕೊಟ್ಟರೆ 96. ಮೇಜಿನ ಮುಂದೆ ನಾವು ಕೂರುವುದು ಅದಕ್ಕಿಂತಲೂ ಹತ್ತಿರ. ವಾರಕ್ಕೆ 40 ಗಂಟೆ ಕೇಳುವುದಾದರೆ 80 ಡೆಸಿಬೆಲ್ ಮೀರಬೇಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಿಜವಾದ 20 ವಾಟ್ ಧಾರಾಳವಾಯಿತು. ಹೆಚ್ಚಿನ ಶಕ್ತಿಗಾಗಿ ಗೇನ್ ಏರಿಸಿದ ಆಂಪ್ಲಿಫೈಯರ್ ತಂದರೆ ನಾಬ್ ಯಾವಾಗಲೂ ಎಂಟು ಗಂಟೆಯ ಜಾಗದಲ್ಲೇ ಕೂರುತ್ತದೆ. ಅಗ್ಗದ ನಾಬುಗಳಲ್ಲಿ ಅಲ್ಲಿ ಎಡ-ಬಲ ಸಮ ಇರುವುದಿಲ್ಲ, ಗಾಯಕರು ಒಂದು ಪಕ್ಕಕ್ಕೆ ವಾಲುತ್ತಾರೆ.

ನಾನು ಕೊನೆಗೆ ಎರಡು ಪೆಟ್ಟಿಗೆಯ ದಾರಿ ಹಿಡಿದೆ. ಪ್ರೀ-ಔಟ್ ಇರುವ ಹೆಡ್‌ಫೋನ್ ಆಂಪ್ಲಿಫೈಯರ್ ಒಂದು, ಅದರ ಹಿಂದಿನಿಂದ ಚಿಕ್ಕ ಪವರ್ ಆಂಪ್ಲಿಫೈಯರಿಗೆ ಆರ್‌ಸಿಎ ತಂತಿ, ಅಲ್ಲಿಂದ ಸ್ಪೀಕರಿಗೆ. ವಾಲ್ಯೂಮ್ ನಾಬ್ ಒಂದೇ. ಹೆಡ್‌ಫೋನ್ ಸಿಕ್ಕಿಸಿದರೆ ಪ್ರೀ-ಔಟ್ ತಾನಾಗಿ ನಿಲ್ಲುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಇಲ್ಲದಿದ್ದರೆ ರಾತ್ರಿ ಮಗು ಎದ್ದು ಕೂರುತ್ತದೆ. ಜಾಗ ಕಡಿಮೆ, ಒಂದೇ ಪೆಟ್ಟಿಗೆ ಬೇಕು ಎನ್ನುವವರಿಗೂ ದಾರಿಯಿದೆ. ಹೆಡ್‌ಫೋನಿಗೆ ಸ್ವಂತ ಸರ್ಕ್ಯೂಟ್ ಇರುವ ಮಾದರಿ ಹುಡುಕಿ. 32 ಓಮಿಗೆ ಎಷ್ಟು ಮಿಲಿವಾಟ್, 300 ಓಮಿಗೆ ಎಷ್ಟು, ಜ್ಯಾಕಿನ ಔಟ್‌ಪುಟ್ ಇಂಪೀಡೆನ್ಸ್ ಎಷ್ಟು ಓಮ್ ಎಂದು ಮೂರನ್ನೂ ಬರೆದುಕೊಟ್ಟವರ ಹತ್ತಿರ ಮಾತ್ರ ದುಡ್ಡು ಬಿಚ್ಚಿ.

ಪ್ಯಾಕೆಟ್ಟಿನ ಮೇಲೆ ಎಂಆರ್‌ಪಿ, ತಯಾರಕರ ವಿಳಾಸ ಹಾಕಬೇಕೆಂದು ನಮ್ಮಲ್ಲಿ 2011ರ ನಿಯಮವೇ ಇದೆ. ಸಾವಿರಾರು ರೂಪಾಯಿಯ ವಸ್ತುವಿನ ಮೇಲೆ ಈ ಮೂರು ಅಂಕಿ ಹಾಕಲು ಜಾಗವಿಲ್ಲ ಎಂದರೆ ನಾನು ಒಪ್ಪುವುದಿಲ್ಲ. ಹಳೆಯ ಆಂಪ್ಲಿಫೈಯರಿನ ಕಂಪನಿಗೆ ಮೀಟರಿನ ಅಳತೆಯನ್ನೂ ಸೇರಿಸಿ ಮೇಲ್ ಬರೆದಿದ್ದೇನೆ. ಉತ್ತರ ಬಂದರೆ ಇದೇ ಜಾಗದಲ್ಲಿ ಹಾಕುತ್ತೇನೆ.