ಪೈಲಟ್ ತಪ್ಪು ಎಂಬ ಪೂರ್ಣವಿರಾಮ

ನಮ್ಮ ವಿಮಾನ ಅಪಘಾತಗಳ ತನಿಖೆಗೆ ಸತ್ತ ಪೈಲಟ್‌ಗಿಂತ ಅನುಕೂಲದ ಆರೋಪಿ ಸಿಗುವುದಿಲ್ಲ. ಅವನು ಮೇಲ್ಮನವಿ ಸಲ್ಲಿಸುವುದಿಲ್ಲ, ಕಡತ ಕೇಳುವುದಿಲ್ಲ.

1988ರ ಅಕ್ಟೋಬರ್ 19ರ ಬೆಳಿಗ್ಗೆ ಮುಂಬೈಯಿಂದ ಹೊರಟ ಇಂಡಿಯನ್ ಏರ್‌ಲೈನ್ಸ್‌ನ 113ನೇ ವಿಮಾನ, ಒಂದು ಬೋಯಿಂಗ್ 737, ಅಹಮದಾಬಾದಿನಲ್ಲಿ ಇಳಿಯಬೇಕಿತ್ತು. ಮಬ್ಬು ಕವಿದಿತ್ತು. ರನ್‌ವೇ ತಲುಪುವ ಮೊದಲೇ ಮರಗಳಿಗೂ ವಿದ್ಯುತ್ ಕಂಬಕ್ಕೂ ತಾಗಿ ಕೋತರ್‌ಪುರದ ಬಳಿ ನೆಲಕ್ಕೆ ಬಿತ್ತು. ಇದ್ದ 135 ಜನರಲ್ಲಿ ಕೊನೆಗೆ ಉಳಿದವರು ಇಬ್ಬರು. (ಅದೇ ದಿನ ಗುವಾಹಾಟಿಯ ಬಳಿ ವಾಯುದೂತ್ ವಿಮಾನ ಬಿದ್ದು 34 ಮಂದಿ ಸತ್ತರು. ಎಷ್ಟು ಜನಕ್ಕೆ ನೆನಪಿದೆ?)

ಅಂದು ಬಳಸಿದ ಲೋಕಲೈಜರ್ ವಿಧಾನ ವಿಮಾನ ರನ್‌ವೇಯ ನೇರಕ್ಕಿದೆಯೇ, ಎಷ್ಟು ದೂರದಲ್ಲಿದೆ ಎಂಬುದನ್ನಷ್ಟೇ ಹೇಳುತ್ತದೆ; ಎಷ್ಟು ಇಳಿಜಾರಿನಲ್ಲಿ ಇಳಿಯಬೇಕೆಂದು ಹೇಳುವುದಿಲ್ಲ. ಎತ್ತರವನ್ನು ಪೈಲಟ್‌ಗಳೇ ಮೀಟರ್ ನೋಡಿ ಲೆಕ್ಕ ಹಾಕಬೇಕು. ಇಬ್ಬರೂ ಹೊರಗೆ ರನ್‌ವೇ ಹುಡುಕುತ್ತಿದ್ದರು, ಎತ್ತರದ ಮೇಲೆ ಯಾರ ಕಣ್ಣೂ ಇರಲಿಲ್ಲ. ನಿಯಮ ಪಾಲಿಸಲಿಲ್ಲ ಎಂದು ತನಿಖೆ ಇಬ್ಬರ ಮೇಲೂ ತಪ್ಪು ಹೊರಿಸಿತು. ಅದು ಸುಳ್ಳೇನಲ್ಲ. ಆದರೆ ಅಲ್ಲಿಗೇ ಮುಗಿಯಿತೆ? ವಿಮಾನ ಸಂಸ್ಥೆಯಷ್ಟೇ ಅಲ್ಲ, ವಿಮಾನ ನಿಲ್ದಾಣ ಪ್ರಾಧಿಕಾರವೂ ಹೊಣೆ ಎಂದು ಗುಜರಾತ್ ಹೈಕೋರ್ಟ್ ಹೇಳುವಾಗ 2009 ಆಗಿತ್ತು. ಸತ್ತವರ ಮನೆಯವರು ಇಪ್ಪತ್ತು ವರ್ಷ ಕೋರ್ಟು ಅಲೆದ ಮೇಲೆ.

ಮುಂದಿನ ವರ್ಷವೇ ಮಂಗಳೂರು. 2010ರ ಮೇ 22, 158 ಸಾವು. ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಸಹಪೈಲಟ್ ಮೂರು ಬಾರಿ ಹೇಳಿದ್ದರು. ಕ್ಯಾಪ್ಟನ್ ಕೇಳಲಿಲ್ಲ. ಕಿರಿಯನ ಮಾತಿಗೆ ಕಿಮ್ಮತ್ತಿಲ್ಲದ ಕಾಕ್‌ಪಿಟ್ ಒಬ್ಬ ಕ್ಯಾಪ್ಟನ್ನಿನ ಸ್ವಭಾವದಿಂದಷ್ಟೇ ಹುಟ್ಟುತ್ತದೆಯೇ?

2020ರ ಆಗಸ್ಟ್ 7ರಂದು ಕೋಝಿಕ್ಕೋಡಿನಲ್ಲಿ ಜಡಿಮಳೆ, ಹಿಂದಿನಿಂದ ಗಾಳಿ. ವಿಮಾನ ರನ್‌ವೇಯ ಅರ್ಧದ ಹತ್ತಿರ ನೆಲ ಮುಟ್ಟಿ, ಕೊನೆ ದಾಟಿ ಕಂದಕಕ್ಕೆ ಬಿತ್ತು. 21 ಸಾವು. ವರದಿ ಮತ್ತೆ ಪೈಲಟ್ ಎಂದಿತು. ಆದರೆ ಅದೇ ವರದಿಯ ಒಳಗೆ ಇನ್ನೊಂದು ಮಾತಿದೆ: ಆ ನೆಲೆಯಲ್ಲಿ ಕ್ಯಾಪ್ಟನ್‌ಗಳ ಕೊರತೆಯಿತ್ತು, ಮಾರನೆಯ ಬೆಳಗಿನ ವಿಮಾನವನ್ನೂ ಇವರೇ ಹಾರಿಸಬೇಕಿತ್ತು. ಬೇರೆ ಊರಿಗೆ ತಿರುಗಿಸಿದ್ದರೆ ಆ ಪಾಳಿ ಕೆಡುತ್ತಿತ್ತು. ಪಾಳಿಪಟ್ಟಿ ಬರೆದವರು ಪೈಲಟ್‌ಗಳಲ್ಲ.

ಕೊನೆಯ ನಿರ್ಧಾರ ಪೈಲಟ್‌ನದೇ, ಹೊಣೆ ಹಂಚಿದರೆ ಯಾರಿಗೂ ಹೊಣೆಯಿರದು ಎನ್ನುವವರಿದ್ದಾರೆ. ಹಂಚಿದರೆ ಹೊಣೆ ಕರಗುವುದಿಲ್ಲ. ಬದುಕಿರುವವರ, ಇನ್ನೂ ಕುರ್ಚಿಯಲ್ಲಿರುವವರ ಹೆಸರು ಬರುತ್ತದೆ, ಅಷ್ಟೆ. ತೊಂದರೆ ಇರುವುದು ಅಲ್ಲೇ. ತನಿಖೆ ಮಾಡುವ ಎಎಐಬಿ, ಮೇಲ್ವಿಚಾರಣೆ ಮಾಡಬೇಕಿದ್ದ ಡಿಜಿಸಿಎ, ವಿಮಾನ ನಿಲ್ದಾಣ ಪ್ರಾಧಿಕಾರ, ಮೂರೂ ಒಂದೇ ಸಚಿವಾಲಯದ ಕೆಳಗಿವೆ. 2012ರವರೆಗೆ ಎಎಐಬಿಯೂ ಇರಲಿಲ್ಲ. ಅಮೆರಿಕ ತನ್ನ ತನಿಖಾ ಮಂಡಳಿಯನ್ನು ಸಾರಿಗೆ ಇಲಾಖೆಯಿಂದ ಪೂರ್ತಿ ಬೇರ್ಪಡಿಸಿ ಐವತ್ತು ವರ್ಷವಾಯಿತು.

2025ರ ಜೂನ್ 12ರಂದು ಅಹಮದಾಬಾದ್ ಮತ್ತೆ ಉರಿಯಿತು, 260 ಸಾವು. ಅದು ಮೇಲೇರುವಾಗಿನ ದುರಂತ, ಹವಾಮಾನದ ಮಾತಿಲ್ಲ. ಆದರೂ ಒಂದು ತಿಂಗಳಲ್ಲಿ ಪ್ರಾಥಮಿಕ ವರದಿಯ ಒಂದು ವಾಕ್ಯ ಹಿಡಿದು ಟೀವಿಗಳು ಪೈಲಟ್‌ಗೆ ಶಿಕ್ಷೆ ಓದಿಬಿಟ್ಟವು. ಎಎಐಬಿಯನ್ನು ಸಚಿವಾಲಯದಿಂದ ಬಿಡಿಸಿ ನೇರ ಸಂಸತ್ತಿಗೆ ಉತ್ತರಿಸುವಂತೆ ಮಾಡುವ ಮಸೂದೆಯನ್ನು ನಿಮ್ಮ ಸಂಸದರನ್ನು ಕೇಳಿ. ಪೈಲಟ್ ತಪ್ಪು ಮಾಡಿದ್ದರೆ ಆ ವರದಿಯೂ ಅದನ್ನೇ ಹೇಳಲಿ, ಆಗ ನಂಬುತ್ತೇವೆ.